ಬರಣಿಯ ತಳದ ಮುಷ್ಟಿ ಮದ್ದು

ಸವಣೂರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಬಂದೂಕಿನ ಅಂಗಡಿಯ ಹಿತ್ತಲಿನಲ್ಲಿ, ಎಲೆತೋಟದ ಕಡೆಯ ಮಣ್ಣುಗೋಡೆಗೆ ಎಡಭುಜ ಆನಿಸಿ ನಿಂತಿದ್ದೆ. ಚಲೇಜಾವ್ ಚಳವಳಿಯ ಗದ್ದಲ ನಡೆದ ವರ್ಷದ ಚಳಿಗಾಲ. ಬಿಸಿಲು ಗೋಡೆ ದಾಟಿ ಹಿತ್ತಲಿಗೆ ಬಿದ್ದಿತ್ತು. ಅಂಗಡಿಯ ಮುಂಬಾಗಿಲು ಆಗತಾನೇ ತೆರೆದಿತ್ತು. ಬಂದೂಕಿನ ತೋಟಾಗಳಿಗೆ ಮದ್ದು ತುಂಬುವ ದಸ್ತಗೀರಸಾಬರು ನನ್ನ ಬಲಕ್ಕೆ, ಕೈ ಚಾಚಿದರೆ ಸಿಗದಷ್ಟು ದೂರದಲ್ಲಿ, ರೈಫಲನ್ನು ಭುಜಕ್ಕೆ ಒತ್ತಿ ಎದುರಿನ ಮರಳುಚೀಲಗಳಿಗೆ ಗುರಿ ಹಿಡಿದಿದ್ದರು. ಸಾವಕಾರ ಮಲ್ಲೇಶಪ್ಪನವರು ಹಿಂಬಾಗಿಲ ಹೊಸ್ತಿಲ ಮೇಲಿದ್ದರು. ಅವರ ತಮ್ಮ ಗುರುಪಾದಪ್ಪ ಅವರ ಬೆನ್ನ ಹಿಂದೆ ಇದ್ದ.

ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ. ರೈಫಲಿನ ಕುದುರೆ ಎಳೆದ ಬೆರಳನ್ನು ಕಂಡೆ. ರೈಫಲಿನ ಸಪ್ಪಳ ಚಾಟಿ ಬೀಸಿದಂತೆ ಇರಬೇಕು. ಅಂದು ಹಾಗಿರಲಿಲ್ಲ, ಹಳೆಯ ಬಾಗಿಲು ಕಳಚಿ ಬಿದ್ದ ಹಾಗಿತ್ತು. ಗುಂಡು ಹೋಗುವ ತುದಿಯಲ್ಲಿ ಅಲ್ಲ, ಸಾಬರ ಮುಖದ ಹತ್ತಿರವೇ ಬೆಂಕಿ ಕಂಡಿತು. ಕಟ್ಟಿಗೆಯ ಹಿಡಿಕೆಯ ಒಂದು ಸೀಳು ನನ್ನ ತಲೆಯ ಮೇಲಿನ ಗೋಡೆಗೆ ನಾಟಿತು. ಅದನ್ನು ಆಮೇಲೆ ನೋಡಿದೆ. ಸಾಬರು ಬೀಳಲಿಲ್ಲ. ನಿಧಾನವಾಗಿ ಕುಳಿತರು, ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತರು. ಅವರ ಚಷ್ಮಾದ ಗಾಜು ಬಿರಿದಿತ್ತು. ಆ ಗಾಜು ಇರದಿದ್ದರೆ ಕಣ್ಣು ಉಳಿಯುತ್ತಿರಲಿಲ್ಲ ಎಂದು ಡಾಕ್ಟರರು ಹೇಳಿದರು. ಎಡಗೈಯ ಕಿರುಬೆರಳು ಉಳಿಯಲಿಲ್ಲ.

ಬಂದೂಕಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಬೇಕೆಂದಿರುವ ಹುಡುಗರು ಈಗಲೂ ನನ್ನ ಹತ್ತಿರ ಬಂದು ಕೂಡುತ್ತಾರೆ. ಯಾವ ಕಂಪನಿಯ ನಳಿಗೆ ಒಳ್ಳೆಯದು, ಯಾವ ಸ್ಪ್ರಿಂಗ್ ಬಾಳುತ್ತದೆ ಎಂದು ಕೇಳುತ್ತಾರೆ. ಅದನ್ನೆಲ್ಲ ಅವರು ಕೆಲಸ ಮಾಡುತ್ತ ಕಲಿತುಕೊಳ್ಳುತ್ತಾರೆ. ಮದ್ದಿನ ವಿಷಯ ಹಾಗಲ್ಲ. ಅದು ಒಂದು ಸಲ ಕಲಿಸಿದರೆ ಎರಡನೆಯ ಸಲ ಕಲಿಯಲು ಮನುಷ್ಯನೇ ಉಳಿಯದೆ ಹೋಗಬಹುದು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಅಂಗಡಿ ಸೇರಿದ್ದು ಯುದ್ಧಕ್ಕೆ ಕೆಲವು ವರ್ಷ ಮೊದಲು. ನಮ್ಮದು ಬಡಿಗತನ ಮತ್ತು ಕಮ್ಮಾರಿಕೆಯ ಮನೆ. ಮುರಿದ ಹಿಡಿಕೆ, ಸವೆದ ಕೀಲು ಸರಿಮಾಡುವುದು ನನ್ನ ಪಾಲಿಗೆ ಬಂತು. ತೋಟಾ ತುಂಬುವುದು ದಸ್ತಗೀರಸಾಬರದು. ಹುಲಗೂರಿನವರು, ವಯಸ್ಸು ಐವತ್ತರ ಆಚೀಚೆ. ತೆಳ್ಳಗಿನ ಮೈ, ಸದಾ ಒಗೆದ ಬಿಳಿ ಅಂಗಿ. ಮದ್ದಿನ ಕೋಣೆಗೆ ಹೋಗುವ ಮುಂಚೆ ಬೀಡಿ, ಕಡ್ಡಿಪೆಟ್ಟಿಗೆ ಹೊರಗಿಟ್ಟು, ಕಿಡಿ ಹಾರಬಾರದೆಂದು ಕಬ್ಬಿಣದ ನಾಲು ಹೊಡೆದ ಜೋಡು ಬಿಟ್ಟು, ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದರು.

ಒಮ್ಮೆ ಹಾರಿಸಿದ ಹಿತ್ತಾಳೆಯ ಖಾಲಿ ತೋಟಾವನ್ನು ಎಸೆಯುತ್ತಿರಲಿಲ್ಲ. ತೊಳೆದು ಒಣಗಿಸಿ, ತಳಕ್ಕೆ ಕಿಡಿ ಕೊಡುವ ಹೊಸ ಟೋಪಿ ಕೂಡಿಸಿ, ಮದ್ದು ಹಾಕಿ, ಮೇಲೆ ಗುಂಡು ಬಿಗಿದರೆ ಮತ್ತೆ ಕೆಲಸಕ್ಕೆ ಬರುತ್ತಿತ್ತು. ಹಾನಗಲ್ಲಿನ ಕಬ್ಬಿಗೆ, ಹಿರೇಕೆರೂರಿನ ಜೋಳಕ್ಕೆ ಹಂದಿಯ ಕಾಟ. ಲೈಸೆನ್ಸು ಇದ್ದ ಗೌಡರು, ದೇಸಾಯರು ಖಾಲಿ ತೋಟಾಗಳನ್ನು ಚೀಲದಲ್ಲಿ ತಂದು ಕೊಟ್ಟು, ತುಂಬಿದವನ್ನು ಒಯ್ಯುತ್ತಿದ್ದರು.

ಮೊದಲಿಗೆ ಹೆಚ್ಚಿನ ಕೆಲಸ ಕರಿಮದ್ದಿನದು. ಹಿತ್ತಾಳೆಯ ಅಳತೆ ಚಮಚೆಯಲ್ಲಿ ತುಂಬಿ ಬೆರಳಿನಿಂದ ಸಪಾಟು ಮಾಡಿದರೆ ಆಯಿತು. ಹೊಗೆ ಬಾರದ ಹೊಸ ಮದ್ದು ಬಂದ ಮೇಲೆ ಚಮಚೆ ನಡೆಯಲಿಲ್ಲ. ಅದೇ ಚಮಚೆಯಷ್ಟು ಹೊಸ ಮದ್ದು ಹಾಕಿದರೆ ಬಂದೂಕು ತಾಳದು. ಸಾವಕಾರರು ಔಷಧದ ಅಂಗಡಿಯಲ್ಲಿರುವಂಥ ಸಣ್ಣ ತಕ್ಕಡಿ ತರಿಸಿದರು. ಸಾಬರಿಗೆ ಅದು ಮೊದಲು ಸೇರಲಿಲ್ಲ. ಬಂಗಾರ ತೂಗುವ ಪತ್ತಾರನ ಹಾಗೆ ತಮ್ಮನ್ನು ಕೂಡಿಸಿದರೆಂದು ಗೊಣಗಿದರು. ಆದರೆ ಒಂದು ಮಳೆಗಾಲ ಕಳೆಯುವುದರೊಳಗೆ ತಕ್ಕಡಿಯನ್ನು ಬೇರೆ ಯಾರೂ ಮುಟ್ಟದಂತೆ ಬಟ್ಟೆ ಹೊದಿಸಿ ಇಡತೊಡಗಿದ್ದರು.

ಹಿರೇಕೆರೂರಿನ ಕಡೆಯ ಒಬ್ಬ ರೈತ ಒಂದು ಸಲ ಮದ್ದು ಹತ್ತುತ್ತಿಲ್ಲವೆಂದು ಜಗಳಕ್ಕೆ ಬಂದ. ಜೊತೆಗೆ ಹೆಂಡತಿಯೂ ಇದ್ದಳು. ಸಾಬರು ಅವನ ಮದ್ದನ್ನು ಕಾಗದದ ಮೇಲೆ ಸುರಿದರು. ಕರಿಮದ್ದಿನ ನಡುವೆ ಬಿಳಿ ಚೂರುಗಳಿದ್ದವು. ಆಕೆ ಯಾವ ಮುಚ್ಚುಮರೆಯಿಲ್ಲದೆ ಹೇಳಿದಳು: ಮದ್ದು ಮಳೆಗೆ ತೊಯ್ದಿತ್ತು, ಮಾಳಿಗೆಯ ಮೇಲೆ ಸಂಡಿಗೆಯ ಜೊತೆ ಬಿಸಿಲಿಗೆ ಹರವಿದ್ದೆ, ಗಾಳಿ ಬಂತು.

"ಹಂದಿಗೆ ಫಳಾರ ಮಾಡ್ಸಾಕ ಹೊಂಟೀರೇನ್ರಿ?" ಎಂದರು ಸಾಬರು.

ಎಲ್ಲರೂ ನಕ್ಕೆವು. ಅವರು ಮಾತ್ರ ನಗಲಿಲ್ಲ. ಆ ಗಂಡಹೆಂಡಿರನ್ನು ಕೂಡಿಸಿ, ಮದ್ದಿಗೆ ಏನು ಬೆರೆತರೂ ಅದು ಮದ್ದಲ್ಲ, ಏನಾಗುತ್ತದೆಂದು ಅದನ್ನು ಕೊಟ್ಟವನಿಗೂ ಗೊತ್ತಾಗುವುದಿಲ್ಲ ಎಂದು ಬಹಳ ಹೊತ್ತು ತಿಳಿಸಿ ಹೇಳಿದರು. ಶಿಗ್ಗಾವಿಯ ಕಡೆಯ ಇನಾಮದಾರರೊಬ್ಬರು ಪ್ರತಿ ಸಲ ತಮ್ಮ ತೋಟಾಕ್ಕೆ ಸ್ವಲ್ಪ ಬಿಗಿಯಾಗಿ ತುಂಬಲು ಹೇಳುತ್ತಿದ್ದರು. ಸಾಬರು ತಲೆಯಾಡಿಸಿ, ಎಲ್ಲರಿಗೆ ತೂಗಿದಷ್ಟನ್ನೇ ತೂಗಿ ಕೊಡುತ್ತಿದ್ದರು. ಇನಾಮದಾರರು ಈ ಸಲದ್ದು ಭಾರಿ ಜೋರಿತ್ತೆಂದು ಹೊಗಳುತ್ತಿದ್ದರು. ಅವರ ಟಾಂಗಾ ತಿರುವು ದಾಟಿದ ಮೇಲೆ, "ಬಿಗಿ ಬೇಕಾದ್ರ ಧೋತರ ಬಿಗೀಲಿ" ಎನ್ನುವುದು ಸಾಬರ ರೂಢಿ.

ಇಷ್ಟು ಜಾಣ ಮನುಷ್ಯ ತಪ್ಪಿದ್ದು ಎಲ್ಲಿ ಎಂದು ಹೇಳಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಜೋಳದ ಗುಮ್ಮಿಯಾಗಲಿ, ಅಕ್ಕಿಯ ಡಬ್ಬಿಯಾಗಲಿ, ತಳ ಬಳಿದು ಖಾಲಿ ಮಾಡುವುದಿಲ್ಲ. ಒಂದು ಮುಷ್ಟಿ ಉಳಿಸಿ, ಅದರ ಮೇಲೆ ಹೊಸದನ್ನು ಸುರಿಯುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ಹೆಚ್ಚಳಕ್ಕೆ ಎನ್ನುತ್ತಿದ್ದರು, ಸಾಬರ ಮನೆಯಲ್ಲಿ ಬರ್ಕತ್ತಿಗೆ. ಸಾವಕಾರರ ಗಲ್ಲಾಪೆಟ್ಟಿಗೆಯಲ್ಲೂ ಹಾಗೆಯೇ, ಎಲೆತೋಟದವರ ಸುಣ್ಣದ ಗಡಿಗೆಯಲ್ಲೂ ಹಾಗೆಯೇ. ಮದ್ದಿನ ಬರಣಿಯಲ್ಲೂ ಸಾಬರು ಒಂದು ಮುಷ್ಟಿ ಉಳಿಸುತ್ತಿದ್ದರು. ನಾವೆಲ್ಲ ನೋಡಿದ್ದೆವು. ಯಾರಿಗೂ ಅದರಲ್ಲಿ ದೋಷ ಕಾಣಲಿಲ್ಲ. ಒಂದೇ ಬರಣಿಗೆ ಒಂದೇ ಜಾತಿಯ ಮದ್ದು ಬೀಳುತ್ತಿದ್ದಷ್ಟು ದಿನ ದೋಷ ಹೊರಬೀಳಲೂ ಇಲ್ಲ.

ಯುದ್ಧ ಬಂದ ಮೇಲೆ ಕಂಪನಿಯ ಮೊಹರಿನ ಡಬ್ಬಿಗಳು ನಿಂತವು. ಸಿಕ್ಕಿದ ಮದ್ದು ಸಿಕ್ಕಿದ ಪೊಟ್ಟಣದಲ್ಲಿ ಬರತೊಡಗಿತು. ಹಕ್ಕಿ, ಮೊಲಗಳಿಗೆ ಹೊಡೆಯುವ ಛರ್ರೆಯ ತೋಟಾದ ಮದ್ದು ಬೇಗ ಉರಿಯುವ ಜಾತಿಯದು; ರೈಫಲಿನದು ನಿಧಾನ ಉರಿಯುವಂಥದ್ದು. ಬೇಗದ ಮದ್ದು ರೈಫಲಿನ ತೋಟಾಕ್ಕೆ ಹೋದರೆ, ಗುಂಡು ನಳಿಗೆಯಲ್ಲಿ ಹೊರಡುವ ಮೊದಲೇ ಒತ್ತಡವೆಲ್ಲ ಹಿಂದಕ್ಕೆ ನುಗ್ಗುತ್ತದೆ. ಎರಡೂ ಬೂದಿಗಪ್ಪು ಬಣ್ಣ. ಛರ್ರೆಯ ಮದ್ದು ಖಾಲಿಯಾಗುತ್ತ ಬಂದಿದ್ದ ಪಿಂಗಾಣಿ ಬರಣಿಗೆ ಆ ಚಳಿಗಾಲ ಸಾಬರು ರೈಫಲಿನ ಮದ್ದನ್ನು ಸುರಿದರು. ಚೀಟಿ ಬದಲಿಸಿದರು. ತಳದ ಮುಷ್ಟಿ ತಳದಲ್ಲೇ ಇತ್ತು.

ಮೇಲಿನ ಮದ್ದಿನಿಂದ ತುಂಬಿದ ತೋಟಾಗಳೆಲ್ಲ ಸರಿಯಾಗಿಯೇ ಹಾರಿದವು. ಬರಣಿ ಇಳಿಯುತ್ತ ಇಳಿಯುತ್ತ ತಳ ಸಮೀಪಿಸಿತು.

ಈಗ ಹಿತ್ತಲಿಗೆ ಮರಳುತ್ತೇನೆ. ಸಾಬರ ಕೈಗೆ ಡಾಕ್ಟರರು ಪಟ್ಟಿ ಕಟ್ಟಿ ಹೋದ ಮೇಲೆ ಸಾವಕಾರರು ಒಡೆದ ರೈಫಲನ್ನು ಬೆಂಚಿನ ಮೇಲೆ ಇಟ್ಟು ನನ್ನನ್ನು ಕರೆದರು. ಅದು ರಿಪೇರಿಗೆ ಬಂದ ರೈಫಲು. ನಳಿಗೆಯ ಹಿಂಬಾಯಿ ಮುಚ್ಚುವ ಅದರ ಬೋಲ್ಟನ್ನು ಕೂಡಿಸಿದವನು ನಾನು. ಪರೀಕ್ಷೆಗೆಂದೇ ಸಾಬರು ತಾವು ತುಂಬಿದ ತೋಟಾ ಹಾಕಿ ಹಾರಿಸಿದ್ದು.

"ಮಾನಪ್ಪ, ಇದು ನಿನ್ನ ಕೈಯಾಗ ಆದ ಕೆಲಸ ಹೌದಲ್ಲೋ?" ಎಂದರು.

ಹೌದೆಂದೆ. ಬೋಲ್ಟಿನ ಹಲ್ಲು ಮುರಿದಿತ್ತು. ನಾನು ಕೂಡಿಸಿದ್ದು ಕಚ್ಚಾ ಇದ್ದುದರಿಂದ ಮುರಿಯಿತೋ, ಮುರಿಯುವಷ್ಟು ಒತ್ತಡ ಬಂದದ್ದರಿಂದ ಮುರಿಯಿತೋ, ನೋಡಿದರೆ ನನಗೂ ತಿಳಿಯುತ್ತಿರಲಿಲ್ಲ. ಸಾವಕಾರರು ಬೈಯಲಿಲ್ಲ. ಗುರುಪಾದಪ್ಪ ಮಾತ್ರ ಬಾಗಿಲಿನತ್ತ ಮುಖ ತಿರುಗಿಸಿ ನಿಂತ.

ಸಾಬರು ಮೂಲೆಯ ಕುರ್ಚಿಯಿಂದ ಎದ್ದರು. ಮದ್ದಿನ ಕೋಣೆಯ ಬರಣಿ ತರಲು ಹೇಳಿದರು. ಸಾವಕಾರರ ಧೋತರವೊಂದನ್ನು ಬಿಸಿಲಿನಲ್ಲಿ ಹಾಸಲು ಹೇಳಿದರು. ನಾನು ಬರಣಿ ಬೋರಲು ಮಾಡಿದೆ. ಉಳಿದದ್ದು ಎರಡು ಬೊಗಸೆಯೂ ಇರಲಿಲ್ಲ. ಅವರು ಬಗ್ಗಿ, ಬಲಗೈಯ ಉಗುರಿನಿಂದ ಅದನ್ನು ಹರಡಿದರು. ನೆರಳಿನಲ್ಲಿ ಒಂದೇ ರೀತಿ ಕಾಣುತ್ತಿದ್ದ ಮದ್ದು ಬಿಳಿಬಟ್ಟೆಯ ಮೇಲೆ ಎರಡಾಯಿತು. ಒಂದು ಜೀರಿಗೆಯ ತುಂಡಿನ ಹಾಗೆ ಸಣ್ಣ ಕಡ್ಡಿ. ಇನ್ನೊಂದು, ಛರ್ರೆಯದು, ಹೊಟ್ಟಿನ ಹಾಗೆ ಚಪ್ಪಟೆ. ಚಪ್ಪಟೆಯದೇ ಹೆಚ್ಚಿತ್ತು.

"ಮಾನಪ್ಪನ ಕೆಲಸದಾಗ ಐಬಿಲ್ರಿ ಸಾವಕಾರ್ರ. ಇದು ನಂದು," ಎಂದರು.

ಅವರು ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಅಂದು ಅವರ ಮುಖದಲ್ಲಿ ಅಂಥ ಯೋಚನೆಯ ಗುರುತು ಕಾಣಲಿಲ್ಲ. ಅವರು ಮುಂದಿನದನ್ನು ಎಣಿಸುತ್ತಿದ್ದರು. ಹಿಂದಿನ ದಿನ ಅದೇ ಬರಣಿಯಿಂದ ಇನ್ನೊಬ್ಬರಿಗೆ ತುಂಬಿ ಕೊಟ್ಟಿದ್ದರು. ಹಾನಗಲ್ಲ ತಾಲೂಕಿನ ಆಡೂರಿನ ಶಿವನಗೌಡರು ಒಂದು ಚೀಲ ರೈಫಲ್ ತೋಟಾ ಒಯ್ದಿದ್ದರು. ನಾಡದು ಬೆಳಿಗ್ಗೆ ಕಬ್ಬಿನೊಳಗಿನ ಹಂದಿ ಎಬ್ಬಿಸುತ್ತೇವೆ ಎಂದು ನಮ್ಮೆದುರಿಗೇ ಹೇಳಿದ್ದರು. ಆ ನಾಡದು ಅಂದರೆ ಮರುದಿನ.

ತಾರು ಕೊಟ್ಟು ಸುದ್ದಿ ಮುಟ್ಟಿಸಬಹುದಾದ ಊರಲ್ಲ ಅದು. ಗುರುಪಾದಪ್ಪನೂ ನಾನೂ ಹೊರಟೆವು. ಸಾಬರನ್ನು ಮನೆಗೆ ಕಳಿಸಬೇಕೆಂದು ಸಾವಕಾರರು ಹಟ ಹಿಡಿದರು. ಜ್ವರ ಬರುತ್ತದೆಂದು ಡಾಕ್ಟರರೂ ಹೇಳಿದ್ದರು. ಸಾಬರು ಆಗಲೇ ಹೆಗಲಿಗೆ ಶಾಲು ಹಾಕಿಕೊಂಡು ಹೊಸ್ತಿಲ ಹೊರಗೆ ನಿಂತಿದ್ದರು.

"ಇವರ ಮಾತು ಗೌಡ್ರು ಕೇಳೂದಿಲ್ರಿ. ತುಂಬಿದಾಂವ ನಾನು, ನಾನ ಹೋಗ್ಬೇಕು."

ಇದ್ದಿಲಿನ ಗ್ಯಾಸಿನಿಂದ ಓಡುವ ಮೋಟಾರು ಆಗ. ಶಿಗ್ಗಾವಿ ದಾಟಿದ ಮೇಲೆ ದಿಬ್ಬ ಬಂದಾಗಲೆಲ್ಲ ಎಲ್ಲರೂ ಇಳಿದು ನೂಕಬೇಕು. ಸಾಬರು ಒಂದೇ ಕೈಯಿಂದ ನೂಕಲು ಬಂದರು. ಡ್ರೈವರ್ ಅವರನ್ನು ಮೇಲೆ ಕೂಡಿಸಿ, ನೂಕುವವರಿಗೆ ಹಾಡು ಹೇಳಲು ಹೇಳಿದ. ಅವರು ಹೇಳಲಿಲ್ಲ. ಹಾನಗಲ್ಲು ಮುಟ್ಟುವಾಗ ಹೊತ್ತು ಮುಳುಗಿತ್ತು. ಸಾಬರಿಗೆ ಜ್ವರ ಏರಿತ್ತು. ಧರ್ಮಶಾಲೆಯಲ್ಲಿ ಮಲಗಿ, ಮೂಡಣ ಕೆಂಪಾಗುತ್ತಲೇ ಚಕ್ಕಡಿ ಹಿಡಿದೆವು.

ಆಡೂರು ಹತ್ತಿರವಾದಾಗ ಹಲಗೆ ಬಾರಿಸುವ ಸಪ್ಪಳ ಕೇಳಿತು. ಹಂದಿ ಎಬ್ಬಿಸುವುದು ಶುರುವಾಗಿತ್ತು. ಸಾಬರನ್ನು ಇಳಿಸಲು ಗುರುಪಾದಪ್ಪನಿಗೆ ಬಿಟ್ಟು, ನಾನು ಚಕ್ಕಡಿಯಿಂದ ಜಿಗಿದು ಬದುವಿನ ಮೇಲೆ ಓಡಿದೆ. ಕಬ್ಬಿನ ಗದ್ದೆಯ ಈ ತುದಿಯಲ್ಲಿ ಶಿವನಗೌಡರು ಬೆನ್ನು ಮಾಡಿ ನಿಂತಿದ್ದರು. ರೈಫಲು ಭುಜದ ಮಟ್ಟಕ್ಕೆ ಬಂದಿತ್ತು. ಗೌಡ್ರ ಗೌಡ್ರ ಎಂದು ಕೂಗಿದೆ. ಆ ಕಡೆಯಿಂದ ಹಲಗೆ, ಕೂಗು, ನಾಯಿಗಳ ಬೊಗಳು. ನನ್ನ ಧ್ವನಿ ನನಗೇ ಕೇಳಲಿಲ್ಲ. ನಮ್ಮ ನಡುವೆ ಇನ್ನೂ ಒಂದು ಹೊಲದಷ್ಟು ಅಂತರವಿತ್ತು.

ಹಲಗೆ ಬಾರಿಸುತ್ತಿದ್ದವನ ಹೆಸರು ಫಕೀರಪ್ಪ. ಅವನು ಎತ್ತರದ ಬದುವಿನ ಮೇಲಿದ್ದ. ನನ್ನನ್ನು ಕಂಡ, ನನ್ನ ಹಿಂದೆ, ಬಿಳಿ ಪಟ್ಟಿ ಸುತ್ತಿದ ಕೈ ಎತ್ತಿಕೊಂಡು ಎಡವುತ್ತ ಬರುತ್ತಿದ್ದ ಮುದುಕನನ್ನೂ ಕಂಡ. ಏನೆಂದು ಅವನಿಗೆ ಗೊತ್ತಾಗುವಂತಿರಲಿಲ್ಲ. ಅವನು ಹಲಗೆ ನಿಲ್ಲಿಸಿದ.

ಆ ಕಡೆ ಅದಕ್ಕೊಂದು ಅರ್ಥವಿದೆ. ಬೇಟೆಯ ನಡುವೆ ಹಲಗೆ ನಿಂತರೆ ಕಬ್ಬಿನೊಳಗೆ ಮನುಷ್ಯನಿದ್ದಾನೆ ಎಂದು ಲೆಕ್ಕ. ಬಂದೂಕು ಹಿಡಿದವನು ಏನೇ ಎದುರಿಗೆ ಬಂದರೂ ನಳಿಗೆಯನ್ನು ನೆಲಕ್ಕೆ ಇಳಿಸಬೇಕು. ಗೌಡರು ಇಳಿಸಿದರು. ಇಳಿಸಿದ ಮರುಕ್ಷಣ ದೊಡ್ಡ ಹಂದಿಯೊಂದು ಕಬ್ಬಿನಿಂದ ಹೊರಬಿದ್ದು, ಅವರ ಎದುರಿನಿಂದಲೇ ದಾಟಿ ಹಳ್ಳಕ್ಕೆ ಇಳಿಯಿತು.

"ಹಲಿಗಿ ನಿಲ್ಲಿಸಿದಾಂವ ಯಾರಲೇ?" ಎಂದು ಗೌಡರು ತಿರುಗಿದರು. ಅಷ್ಟರಲ್ಲಿ ನಾನು ಅವರ ಹತ್ತಿರ ತಲುಪಿದ್ದೆ. ಉಸಿರು ಸಿಗದೆ, ತೋಟಾ ವಾಪಸ್ಸು ಕೊಡಿರೆಂದಷ್ಟೇ ಹೇಳಲು ಬಂತು.

ಅವರ ಮುಖ ಗಟ್ಟಿಯಾಯಿತು. ಆ ವರ್ಷ ಊರೂರಿನಲ್ಲಿ ಸರಕಾರದವರು ಬಂದೂಕು ಜಮಾ ಮಾಡಿಸುತ್ತಾರೆಂಬ ಸುದ್ದಿ ಇತ್ತು. ಚಳವಳಿಯ ಹುಡುಗರಿಗೆ ಗೌಡರು ಅನ್ನ ಹಾಕಿದ್ದರೆಂದು ಕೆಲವರು ಆಡಿಕೊಂಡಿದ್ದರು.

"ಯಾರು ಕಳಿಸ್ಯಾರ ನಿನ್ನ? ಫೌಜದಾರನೋ, ನಿಮ್ಮ ಸಾವಕಾರನೋ?" ಎಂದರು. "ಮೊದ್ಲು ತೋಟಾ ಒಯ್ತೀರಿ, ನಾಳೆ ಬಂದೂಕ ಒಯ್ತೀರಿ. ಹಂದಿಗಿ ನಾ ಏನ್ ಕೈಮುಗೀಲೇನು?"

ನಾನು ಬರಣಿ, ಮದ್ದು ಎಂದು ಏನೇನೋ ಹೇಳಿದೆ. ಅವರು ಕೇಳಲಿಲ್ಲ, ರೈಫಲನ್ನು ಮತ್ತೆ ಎತ್ತಿ ಕಬ್ಬಿನತ್ತ ತಿರುಗಿದರು. ಹಲಗೆ ಬಾರಿಸೆಂದು ಕೂಗಿದರು. ಫಕೀರಪ್ಪ ಬಾರಿಸಲಿಲ್ಲ.

ಸಾಬರು ಬಂದರು. ಅವರ ತುಟಿ ಒಣಗಿತ್ತು. ಮೊದಲು ಕೈಯ ಪಟ್ಟಿಯ ಗಂಟು ಬಿಚ್ಚತೊಡಗಿದರು. ಒಂದೇ ಕೈಯಿಂದ ಬಿಚ್ಚಲು ಬರಲಿಲ್ಲ, ಹಲ್ಲಿನಿಂದ ಎಳೆದರು. ಗೌಡರ ಕಣ್ಣು ಆ ಕೈಯ ಮೇಲೆ ನಿಂತಿತು.

"ಬಿಡ್ರಿ, ಬಿಚ್ಚಬ್ಯಾಡ್ರಿ," ಎಂದರು ಗೌಡರು.

"ನಿಮ್ಮ ಚೀಲದಾಗ ಇರೂದು ನನ್ನ ಕೈಲೆ ತುಂಬಿದ್ದು ಗೌಡ್ರ. ನಿನ್ನಿ ಅದರ ಜೋಡಿದ್ದ ಒಂದು ತೋಟಾ ಹಾರಿಸೇನಿ. ಇದು ಅದರ ಗುರ್ತು. ಮದ್ದು ಕಲಬೆರಕಿ ಆಗೇತಿ. ತಪ್ಪು ನಂದು. ಸರಕಾರದ್ದಲ್ಲ, ಸಾವಕಾರ್ರದಲ್ಲ, ಈ ಮಾನಪ್ಪಂದಲ್ಲ."

ಬೇಟೆಗೆ ಬಂದವರೆಲ್ಲ ಸುತ್ತ ಸೇರಿದ್ದರು. ಇಡೀ ಜೀವಮಾನ ತನ್ನ ಅಳತೆಯ ಹೆಸರಿನ ಮೇಲೆ ಬದುಕಿದ ಮನುಷ್ಯ ಅಷ್ಟು ಜನರ ಎದುರು ಅದನ್ನು ಹೇಳಿದ. ಗೌಡರು ಬೋಲ್ಟು ಹಿಂದಕ್ಕೆಳೆದರು. ಒಳಗಿದ್ದ ತೋಟಾ ಹುಲ್ಲಿನ ಮೇಲೆ ಬಿತ್ತು. ಸೊಂಟದ ಚೀಲ ಬಿಚ್ಚಿ ನನ್ನ ಕೈಗೆ ಕೊಟ್ಟರು. ಆಮೇಲೆ ತಮ್ಮ ಕಂಬಳಿಯನ್ನು ಬದುವಿನ ಮೇಲೆ ಹಾಸಿ, ಸಾಬರ ತೋಳು ಹಿಡಿದು ಕೂಡಿಸಿದರು.

"ಜ್ವರದಾಗ ಇಷ್ಟು ದೂರ ಬಂದ್ರಿ. ಯಾರನಾರ ಕಳಿಸಿದ್ರ ಆಗ್ತಿರ್ಲಿಲ್ಲೇನ್ರಿ?"

"ಕಳಿಸಿದ್ದೆ. ನೀವು ಕೇಳಿದ್ರೇನು?" ಎಂದರು ಸಾಬರು.

ಗೌಡರು ನಕ್ಕರು. ಆಗ ಎಲ್ಲರೂ ನಕ್ಕರು. ನಾನು ಬಗ್ಗಿ ಹುಲ್ಲಿನ ಮೇಲಿನ ತೋಟಾವನ್ನು ಎತ್ತಿಕೊಂಡೆ.

ಸವಣೂರಿಗೆ ಮರಳಿ ಆ ತೋಟಾಗಳನ್ನು ಒಂದೊಂದಾಗಿ ಬಿಚ್ಚಿದೆವು. ಕೆಲವುಗಳಲ್ಲಿ ಬರೀ ಕಡ್ಡಿಮದ್ದು, ನಿರ್ದೋಷ. ಕೆಲವುಗಳಲ್ಲಿ ಚಪ್ಪಟೆ ಮದ್ದು ಬೆರೆತಿತ್ತು. ಒಂದೆರಡರಲ್ಲಿ ಹೆಚ್ಚುಪಾಲು ಅದೇ. ಗೌಡರ ರೈಫಲಿನೊಳಗಿದ್ದದ್ದು ಇವುಗಳಲ್ಲಿ ಯಾವುದೆಂದು ಹುಡುಗರು ಕೇಳುತ್ತಾರೆ. ಗೊತ್ತಿಲ್ಲ. ಹುಲ್ಲಿನಿಂದ ಎತ್ತಿ ಉಳಿದವುಗಳ ಜೊತೆಗೆ ನಾನೇ ಚೀಲಕ್ಕೆ ಹಾಕಿದ್ದೆ. ಗೊತ್ತಿಲ್ಲದ್ದನ್ನು ಕಥೆಯ ಸೊಗಸಿಗಾಗಿ ಹೇಳಲಾರೆ.

ಕೆಲಸದ ರೀತಿ ಆಮೇಲೆ ಬದಲಾಯಿತು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದು. ಉಳಿದವುಗಳಿಗೆ ಕೋಣೆಯಲ್ಲಿ ಬೀಗ. ಹೆಸರು ಗೊತ್ತಿಲ್ಲದ, ಮೊಹರಿಲ್ಲದ ಮದ್ದು ಎಷ್ಟೇ ಅಗ್ಗಕ್ಕೆ ಬಂದರೂ ತಿರಸ್ಕಾರ. ಒಂದು ಜಾತಿಯ ಬರಣಿಗೆ ಇನ್ನೊಂದು ಜಾತಿ ಎಂದಿಗೂ ಇಲ್ಲ. ಅನುಮಾನ ಬಂದ ಮದ್ದನ್ನು ಪರೀಕ್ಷೆ ಮಾಡಿ ನೋಡೋಣ ಎನ್ನುವ ಮಾತೇ ಇಲ್ಲ. ಅದನ್ನು ಬಳಕೆಯಿಂದ ತೆಗೆದುಬಿಡುವುದು. ಇದೆಲ್ಲ ಸಾಬರು ಬೇಗ ಒಪ್ಪಿದರು. ಒಪ್ಪಲು ಕಷ್ಟವಾದದ್ದು ಒಂದೇ, ಬರಣಿಯ ತಳ ಬಳಿಯುವುದು. ಕುಂಚ ಹಿಡಿದು ಕೂತವರು ಕೈ ಆಡಿಸದೆ ಬಹಳ ಹೊತ್ತು ಕೂತುಬಿಟ್ಟರು. ಸಾವಕಾರರ ತಾಯಿ ಗಂಗವ್ವ ಹಿತ್ತಲಿನಿಂದ ನೋಡುತ್ತಿದ್ದರು.

"ಉಣ್ಣೂದರಾಗ ಒಂದ್ ಮುಷ್ಟಿ ಉಳಿಸಪಾ ದಸ್ತಗೀರ. ಸುಡೂದರಾಗ ಉಳಿಸಿ ಏನ್ ಮಾಡ್ತಿ?" ಎಂದರು.

ಸಾಬರು ಬಳಿದರು. ಮುಂದೆ ನಾಲ್ಕು ಬೆರಳಿನ ಎಡಗೈಯಿಂದ ಖಾಲಿ ತೋಟಾ ಹಿಡಿಯುವುದನ್ನು ಕಲಿತು, ಬಹಳ ವರ್ಷ ತುಂಬಿದರು. ಗಿರಾಕಿಗಳು ಬಿಟ್ಟುಹೋಗುತ್ತಾರೆಂದು ಸಾವಕಾರರಿಗೆ ಭಯವಿತ್ತು. ಆಡೂರಿನ ಸುದ್ದಿ ಸುತ್ತಲಿನ ನಾಲ್ಕೂ ತಾಲೂಕಿಗೆ ಹಬ್ಬಿತು. ಬಂದವರು ಮೊದಲು ಕೇಳುತ್ತಿದ್ದುದು ಸಾಬರನ್ನೇ. ಅವರು ಇಲ್ಲದ ದಿನ ಚೀಲ ಬಿಚ್ಚದೆ ಮರಳಿ ಹೋದವರನ್ನು ನಾನು ನೋಡಿದ್ದೇನೆ.

ಸಾವಕಾರರು ಈಗಿಲ್ಲ, ಗಂಗವ್ವ ಇಲ್ಲ. ದಸ್ತಗೀರಸಾಬರು ಹುಲಗೂರಿನಲ್ಲಿ ತಮ್ಮ ಮನೆಯಲ್ಲೇ ತೀರಿಕೊಂಡರು. ಮಣ್ಣಿಗೆ ನಾನು ಹೋಗಿದ್ದೆ. ನಾನು ಬರೆದದ್ದರಲ್ಲಿ ಹೆಚ್ಚುಕಡಿಮೆ ಕಂಡರೆ ಕೇಳಲು ಇನ್ನೂ ಜನರಿದ್ದಾರೆ. ಹಿತ್ತಲಿನಲ್ಲಿ ಆದದ್ದನ್ನು ಕಂಡ ಗುರುಪಾದಪ್ಪ ಸವಣೂರಿನಲ್ಲಿದ್ದಾನೆ. ಬಿಳಿ ಧೋತರದ ಮೇಲಿನ ಮದ್ದನ್ನೂ ಅವನು ಕಂಡಿದ್ದಾನೆ. ಹಲಗೆ ನಿಲ್ಲಿಸಿದ ಫಕೀರಪ್ಪ ಆಡೂರಿನಲ್ಲಿದ್ದಾನೆ. ಏಕೆ ನಿಲ್ಲಿಸಿದೆ ಎಂದರೆ, ಮನುಷ್ಯ ಓಡಿ ಬರುವಾಗ ಬಾರಿಸುವುದು ಹೇಗೆ ಎನ್ನುತ್ತಾನೆ. ಮತ್ತು ಶಿವನಗೌಡರು ಇದ್ದಾರೆ. ಕಣ್ಣು ನಿಚ್ಚಳ, ಎರಡೂ ಕೈ ಗಟ್ಟಿ. ಹೋದ ತಿಂಗಳು ಹೋದಾಗ ಕಬ್ಬಿನ ಗಳ ತಾವೇ ಮುರಿದು, ತೊಗಟೆ ಸುಲಿದು ನನ್ನ ಕೈಗೆ ಕೊಟ್ಟರು.